ಗ್ಯಾಸ್ ಅಂತ ನಾವ ಯಾಕ ತೀರ್ಮಾನ ಮಾಡಬೇಕು?

ಹೋದ ವರ್ಷ ಗಣಪತಿ ಹಬ್ಬದಾಗ ನಮ್ಮ ವೈನಿ ಮಾಳಗಿ ಮ್ಯಾಲಿನ ದೊಡ್ಡ ಪಾತೇಲಿ ತರಲಿಕ್ಕೆ ಹೋದವರು ಅರ್ಧ ಮೆಟ್ಟಲದಾಗ ಕೂತುಬಿಟ್ರು. "ಏನಾತ್ರಿ ವೈನಿ?" ಅಂದ್ರ, "ಏನಿಲ್ಲವಾ, ಗ್ಯಾಸ್. ಎದಿ ಬಿಗೀತದ, ಗದ್ದ ಹಿಡಿದಂಗಾಗ್ತದ. ಕೂತ್ರ ಹೋಗ್ತದ" ಅಂದ್ರು. ಮೂರು ತಿಂಗಳಿಂದ ಹಿಂಗ ನಡದಿತ್ತಂತ. ಓಂಕಾಳು ತಿಂದು, ಜೀರಿಗಿ ನೀರು ಕುಡದು ಸುಮ್ಮನಿದ್ರು.

ನಮ್ಮ ಅಣ್ಣಗ ಏನೂ ತ್ರಾಸಿಲ್ಲ, ಆದ್ರೂ ವರ್ಷಾ ಪೂರಾ ಚೆಕಪ್ ಆಗ್ತದ. ತ್ರಾಸ ಇದ್ದವರಿಗೆ ಜೀರಿಗಿ ನೀರು. ಇದು ನಮ್ಮ ಒಂದ ಮನಿ ಕತಿ ಅಲ್ಲ, ಹೌದಲ್ಲೋ? ನಿಮ್ಮ ಮನಿನೂ ನೆನಸ್ಕೋರಿ.

ನಡದ್ರ, ಹತ್ತಿದ್ರ ಬರೂದು, ಕೂತ್ರ ಹೋಗೂದು, ಇದನ್ನ ಗ್ಯಾಸ್ ಅಂತ ಬಿಡಬಾರದು. ನಮಗ ಹೆಂಗಸರಿಗೆ ಎದಿನೋವಿನ ಜೋಡಿ ದಮ್ಮು, ಗದ್ದನೋವು, ಬೆನ್ನುನೋವು, ವಾಕರಿಕಿ, ಭಾಳ ಸುಸ್ತು ಇವೂ ಬರ್ತಾವ. ಅದಕ್ಕ ನಾವೂ ಮೋಸ ಹೋಗ್ತೀವಿ, ಮನಿಯವರೂ ಹೋಗ್ತಾರ.

ವೈನಿ ಇಸಿಜಿ ಸರಿ ಬಂತು. ಆದ್ರ ಆರಾಮ ಮಲಗಿದಾಗ ತಗದ ಇಸಿಜಿ ಸರಿ ಬಂದ್ರ ರಕ್ತನಾಳ ಸರಿ ಅವ ಅಂತ ಅಲ್ಲ. ಆಮ್ಯಾಲೆ ಟ್ರೆಡ್‌ಮಿಲ್. ಮೂರು ಮೂರು ನಿಮಿಷಕ್ಕ ಅದರ ಪಟ್ಟಿ ಜೋರೂ ಆಗ್ತದ, ಏರೂ ಆಗ್ತದ. ವೈನಿಗೆ ಮಣಕಾಲ ನೋವು. ಎದಿಬಡಿತ ಏರೂದರೊಳಗ ಇಳದುಬಿಟ್ರು. ರಿಪೋರ್ಟಿನಾಗ ಏನೂ ನಿಕ್ಕಿ ಹೇಳಲಿಕ್ಕೆ ಆಗೂದಿಲ್ಲ ಅಂತ ಬರದಿದ್ರು. ಮನ್ಯಾಗ ಎಲ್ಲಾರೂ "ಹಂಗಾರ ಏನಿಲ್ಲ ಬಿಡ್ರಿ" ಅಂದ್ರು. ನನಗ ಸಿಟ್ಟು ಬಂದದ್ದು ಇಲ್ಲೇ. ಪರೀಕ್ಷಾ ಅರ್ಧಕ್ಕ ಬಿಟ್ಟು ಬಂದ ಹುಡುಗನ್ನ ಪಾಸ್ ಅಂತೀವೇನು?

ಮತ್ತ ಹೋಗಿ ಕೇಳಿದ್ವಿ. ಆಗ ಡಾಕ್ಟರು ಹೃದಯಕ್ಕ ರಕ್ತ ಎಷ್ಟು ಮುಟ್ಟತದ ಅಂತ ನೋಡೂ ಸ್ಕ್ಯಾನ್ ಬರದುಕೊಟ್ರು. ಪರ್ಫ್ಯೂಜನ್ ಸ್ಕ್ಯಾನ್ ಅಂತಾರ, ಹಳಬರ ಬಾಯಾಗ ಥ್ಯಾಲಿಯಂ ಟೆಸ್ಟ್. ಈಗ ಹೆಚ್ಚಾಗಿ ಟೆಕ್ನೀಶಿಯಂ ಇರೂ ಔಷಧ ಹಾಕ್ತಾರ.

ನಳದ ನೀರಿನ ಲೆಕ್ಕದಾಗ ಹೇಳ್ತೀನಿ. ಆಂಜಿಯೋಗ್ರಾಮ್ ಅಂದ್ರ ಪೈಪಿನೊಳಗ ಎಲ್ಲಿ ಕಟ್ಟೇದ ಅಂತ ನೋಡೂದು. ಈ ಸ್ಕ್ಯಾನ್ ಅಂದ್ರ ಹಿತ್ತಲದ ಗಿಡಕ್ಕ ನೀರು ಮುಟ್ಟೇದೋ ಇಲ್ಲೋ ಅಂತ ನೋಡೂದು. ಒಂದ ನಳ ಬಿಟ್ಟಾಗ ಸಣ್ಣ ಪೈಪಿನಾಗೂ ನೀರು ಸಾಕಾಗ್ತದ. ಎಲ್ಲಾ ನಳ ಒಮ್ಮೆ ಬಿಟ್ರ ಮ್ಯಾಲಿನ ಮನಿಗೆ ಹನಿ ಬರೂದಿಲ್ಲ. ಹೃದಯಾನೂ ಹಂಗ. ಅದಕ್ಕ ಎರಡು ಸಲ ಚಿತ್ರ ತಗೀತಾರ, ಆರಾಮ ಇದ್ದಾಗ ಒಮ್ಮೆ, ಶ್ರಮ ಆದಾಗ ಒಮ್ಮೆ. ಶ್ರಮದಾಗ ಕಡಿಮಿ, ಆರಾಮದಾಗ ಸರಿ ಇದ್ರ, ಆ ಭಾಗ ಜೀವಂತ ಅದ, ರಕ್ತ ಸಾಲವಲ್ದು ಅಂತ. ಎರಡರಾಗೂ ಕಡಿಮಿ ಇದ್ರ ಹೆಚ್ಚಾಗಿ ಹಳೇ ಅಟ್ಯಾಕಿನ ಕಲೆ.

ಓಡಲಿಕ್ಕೆ ಆಗದವರಿಗೆ ಶ್ರಮದ ಬದಲಿ ಇಂಜೆಕ್ಷನ್ ಕೊಡ್ತಾರ. ಎರಡು ನಿಮಿಷ ಮೈ ಬಿಸಿ, ಎದಿ ಭಾರ, ದಮ್ಮು ಬಂದಂಗಾಗ್ತದ, ಅಂಜಬ್ಯಾಡ್ರಿ, ಲಗೂನ ಇಳೀತದ. ಆದ್ರ ಅಸ್ತಮಾ ಇದ್ರ ಮೊದಲ ಹೇಳಬೇಕು. ಹಿಂದಿನ ದಿನದಿಂದನ ಚಹಾ, ಕಾಫಿ, ಚಾಕಲೇಟ್ ಬಂದ್. ಅವು ಹೊಟ್ಟ್ಯಾಗಿದ್ರ ಆ ಔಷಧ ಸರಿ ಕೆಲಸ ಮಾಡೂದಿಲ್ಲ. ನಮ್ಮ ವೈನಿಗೆ ಚಹಾ ಬಿಡೂದ ದೊಡ್ಡ ಪರೀಕ್ಷಾ ಆಗಿತ್ತು! ದಿನಾ ನುಂಗೂ ಗುಳಿಗಿ ತಾವ ನಿಲ್ಲಸಬ್ಯಾಡ್ರಿ, ಕೇಳಿ ಮಾಡ್ರಿ. ಸ್ಕ್ಯಾನಿನಾಗ ಕೈ ತಲಿ ಮ್ಯಾಲ ಇಟ್ಕೊಂಡು ಅಲುಗಾಡದ ಮಲಗಬೇಕು. ನಡುವ ಕಾಯೂದು ಭಾಳ, ಒಂದು ಇಡೀ ದಿನ ಅಂತ ಹಿಡೀರಿ.

"ರೇಡಿಯೇಶನ್ ಅಲ್ಲೇನು?" ಅಂತ ಬಾಜೂ ಮನಿ ಅಕ್ಕಾ ಕೇಳಿದ್ರು. ಹೌದು, ಸ್ವಲ್ಪ ಇರ್ತದ. ಟೆಕ್ನೀಶಿಯಂ ಶಕ್ತಿ ಆರು ತಾಸಿಗೊಮ್ಮೆ ಅರ್ಧಕ್ಕ ಇಳೀತದ. ನೀರು ಭಾಳ ಕುಡೀರಿ, ಅವತ್ತು ಸಣ್ಣ ಕೂಸು ಎತ್ಕೊಂಡು ಕೂಡಬ್ಯಾಡ್ರಿ. ಬಸುರಿದ್ರ, ಹಾಲು ಕುಡಸ್ತಿದ್ರ ಮೊದಲ ಹೇಳ್ರಿ. ಅದಕ್ಕ ತ್ರಾಸ ಇಲ್ಲದವರು ಸುಮ್ಮ ಸುಮ್ಮನ ಮಾಡಿಸೋ ಸ್ಕ್ಯಾನ್ ಇದಲ್ಲ.

ಇದೂ ತಪ್ಪಬಹುದು. ಹೆಂಗಸರ ಮೊಲಿ ಅಡ್ಡ ಬಂದು ಹೃದಯದ ಮುಂದಿನ ಭಾಗ ಖೊಟ್ಟಿ ಮಸುಕು ಕಾಣತದ. ಮೂರೂ ನಾಳ ಸಮಾ ಸಣ್ಣ ಆಗಿದ್ರ ಚಿತ್ರ ಎಲ್ಲಾ ಕಡೆ ಒಂದ ಥರ ಬಂದು ಸರಿ ಅದ ಅನಸಬಹುದು. ಇನ್ನ ಕೆಲವರ ದೊಡ್ಡ ನಾಳ ಸ್ವಚ್ಛ ಇದ್ದು ಸಣ್ಣ ನಾಳದಾಗ ರಕ್ತ ಸರಿ ಹರಿಯೂದಿಲ್ಲ. ಇದು ಹೆಂಗಸರಾಗ ಹೆಚ್ಚು. ಅದಕ್ಕ ರಿಪೋರ್ಟ್ ಸರಿ ಬಂದೂ ತ್ರಾಸ ನಿಲ್ಲಲಿಲ್ಲಂದ್ರ "ಮನಸಿನ ಖೋಡಿ" ಅಂತ ಯಾರು ಅಂದ್ರೂ ಒಪ್ಪಬ್ಯಾಡ್ರಿ, ಮತ್ತ ಹೋಗ್ರಿ.

ವೈನಿ ಚಿತ್ರದಾಗ ಶ್ರಮ ಆದಾಗ ಒಂದು ಭಾಗಕ್ಕ ರಕ್ತ ಸಾಲಲಿಲ್ಲ, ಆರಾಮದಾಗ ತುಂಬಿತು. ಅಂದ್ರ ಏನೂ ಸತ್ತಿರಲಿಲ್ಲ, ವ್ಯಾಳ್ಯಾಕ್ಕ ಸರಿಯಾಗಿ ಸಿಕ್ಕಿತು. ಈಗ ಗುಳಿಗಿ, ದಿನಾ ನಡಿಗಿ, ಉಪ್ಪಿನಕಾಯಿಗೆ ಸ್ವಲ್ಪ ಲಗಾಮು.

ಯಾವ ಪರೀಕ್ಷಾ ಅನ್ನೂದು ಡಾಕ್ಟರು ಹೇಳಲಿ. ನಾವು ಎರಡು ಮಾತು ಕೇಳಬೇಕು: "ಈ ಪರೀಕ್ಷಾ ನನ್ನ ಮೈಗೆ ಹೊಂದತದೇನ್ರಿ? ಇದು ನಿಕ್ಕಿ ಹೇಳಲಿಲ್ಲಂದ್ರ ಮುಂದೇನು?" ಕೂತ ಮ್ಯಾಲೂ ಎದಿನೋವು ಹೋಗಲಿಲ್ಲ, ಬೆವರು ಬಿಟ್ಟಿತು ಅಂದ್ರ ಮಾತ್ರ ಸ್ಕ್ಯಾನ್ ಗೀಕ್ಯಾನ್ ಅಂತ ಕೂಡಬ್ಯಾಡ್ರಿ, 108ಕ್ಕ ಫೋನ್ ಹಚ್ಚಿ ದವಾಖಾನಿಗೆ ಓಡ್ರಿ.

ಈ ಸಲ ಹಬ್ಬಕ್ಕ ಪಾತೇಲಿ ನಮ್ಮ ಅಣ್ಣನ ಇಳಿಸಿಕೊಡ್ತಾನಂತ. ಅದೂ ಒಂದು ಔಷಧಾನ ಅಂತೀನಿ ನಾ.