ಎಫೆಕ್ಟ್ ಕಡಿಮಿ ಹಾಕ್ರಿ, ಮೆನು ಚಂದಂಗ ಮಾಡ್ರಿ

ಹೋದ ತಿಂಗಳ ಅಕ್ಕನ ಮನಿಗೆ ಹೋಗಿದ್ದೆ. ಊಟಾ ಆದಮ್ಯಾಲೆ ಅಕ್ಕ ಕಪಾಟಿನ್ಯಾಗಿಂದ ತಂಗಿ ಮದುವಿ ಡಿವಿಡಿ ತಗದ್ಲು. 2006ರಾಗ ಆದ ಮದುವಿ. ನಮ್ಮವ್ವ ಹೋಗಿ ಈಗ ಎಂಟು ವರ್ಷ ಆತು. "ಅರಿಷಿಣ ಹಚ್ಚೋವಾಗ ಅವ್ವ ಸೋಬಾನ ಪದಾ ಹಾಡಿದ್ಲಲ್ಲ, ಒಮ್ಮೆ ಕೇಳೂಣು" ಅಂದ್ಲು.

ಡಿಸ್ಕ್ ಹಾಕಿದ್ವಿ. ಮೆನು ಇಲ್ಲ, ಏನಿಲ್ಲ, ನೆಟ್ಟಗ ಗಣಪತಿ ಫೋಟೋದಿಂದ ಸುರು. ಅರಿಷಿಣ ಎಲ್ಲೈತಿ ಅಂತ ಗೊತ್ತಾಗವಲ್ದು. ಅಕ್ಕ ರಿಮೋಟ್ ಹಿಡದು ಓಡಿಸಾಕ ಹತ್ತಿದ್ಲು. ಊಟದ ಪಂಕ್ತಿ ಬಂತು, ಹಿಂದ ಹೋದ್ರ ಮತ್ತ ಗಣಪತಿ ಬಂತು. ಕಡೀಕ ಅವ್ವ ಕಂಡ್ಲು, ಹಸಿರು ಇಳಕಲ್ ಸೀರಿ, ಕೈಯಾಗ ಅರಿಷಿಣದ ಬಟ್ಟಲಾ. ಕಂಡ್ಲು ಅನ್ನೂದ್ರಾಗ ಆಕಿ ಮುಖ ಒಂದು ಹೃದಯದ ಚಿತ್ರದಾಗ ಹೋತು. ಆ ಹೃದಯ ಗರಗರ ತಿರಗತು. ಮ್ಯಾಲಿಂದ ಗುಲಾಬಿ ಪಕಳಿ ಉದರಿದ್ವು. ಅವ್ವನ ತುಟಿ ಅಳ್ಳಾಡತಿದ್ವು, ಆದ್ರ ಕೇಳಿದ್ದು ಸಿನೆಮಾ ಹಾಡು.

ಅಕ್ಕ ರಿಮೋಟ್ ಕೆಳಗ ಇಟ್ಲು. ಇಬ್ರೂ ಮಾತಾಡ್ಲಿಲ್ಲ.

ವಿಡಿಯೋ ಮಾಡಿದ ಹುಡುಗನ್ನ ಬೈಯಾಕ ನನಗ ಬಾಯಿ ಇಲ್ರಿ. "ಛಲೋ ಎಫೆಕ್ಟ್ ಹಾಕಪಾ, ರೊಕ್ಕ ಕೊಟ್ಟೇವಿ" ಅಂತ ಅವಂಗ ಹೇಳಿದಾಕಿ ನಾನ. ಮೂಲ ಟೇಪ್ ಕೇಳಾಕ ಮುಂದ ನಮ್ಮ ತಮ್ಮ ಹೋಗಿದ್ದ. ಅದರ ಮ್ಯಾಲೆ ಬ್ಯಾರೆ ಮದುವಿ ರೆಕಾರ್ಡ್ ಆಗಿ ಎಷ್ಟೋ ದಿನ ಆಗಿತ್ತಂತ. ಅವ್ವನ ದನಿ ನಮ್ಮ ಕಡೆ ಎಲ್ಲೂ ಉಳದಿಲ್ಲ.

ಅದಕ್ಕ ಇವತ್ತ ಇದನ್ನ ಬರಿಯಾಕ ಕುಂತೀನಿ. ಮನ್ಯಾಗಿನ ಕಾರ್ಯದ ವಿಡಿಯೋದಾಗ ಎಫೆಕ್ಟ್ ಎಷ್ಟು ಕಡಿಮಿ ಇದ್ರ ಅಷ್ಟು ಛಲೋ. ಉಳದ ಹೊತ್ತೆಲ್ಲಾ ಮೆನು ಮಾಡಾಕ ಇಡಬೇಕು. ನಮಗ ಬೇಕಾದವರ ಮುಖ, ದನಿ ಬೇಕಾದಾಗ ಸಿಗಬೇಕು, ಅದಕ್ಕ ಅಲ್ಲೇನ್ರಿ ವಿಡಿಯೋ ಮಾಡೋದು?

ನಾನೂ ಇದನ್ನ ತಪ್ಪು ಮಾಡೇ ಕಲಿತೆ. ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕಿದ್ದು ಮನಿಯವರ ಫೋನಿನ್ಯಾಗ ತಗದಿದ್ವಿ. ಮಗ ಕಂಪ್ಯೂಟರಿನ್ಯಾಗ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಪಿಯುಸಿ ಓದಿದಾಕಿ ನಾನು, ಇಂಗ್ಲಿಷ್ ಹೆಸರು ಒಂದೊಂದ ಒತ್ತಿ ನೋಡಿದೆ. ಎಫೆಕ್ಟಿನ ಪಟ್ಟಿ ತಗದ್ರ ಸೀರಿ ಅಂಗಡಿ ಹೊಕ್ಕಂಗಾತು. ಪುಟಾ ತಿರಗೋದು, ಬಾಗಲಾ ತಗಿಯೋದು, ನೀರಿನ ತೆರಿ, ಎಲ್ಲಾ ಬೇಕು ಅನಸ್ತು. ಎಲ್ಲಾ ಹಾಕಿದೆ. ಅತ್ತಿಯವರು ನೋಡಿ, "ಯಾಕವಾ, ಟಿವಿ ಕೆಟ್ಟೈತೇನು?" ಅಂದ್ರು. ಅವತ್ತ ರಾತ್ರಿ ಕುಂತು ಎಲ್ಲಾ ತಗದೆ.

ಆಮ್ಯಾಲೆ ಇನ್ನೊಂದು ತಿಳೀತು. ಎರಡು ತುಣುಕಿನ ನಡುವ ಇಂಥಾ ಎಫೆಕ್ಟ್ ಹಾಕಿದ್ರ, ಮೊದಲಿನದರ ಕಡೀ ಭಾಗ ಮತ್ತ ಮುಂದಿನದರ ಸುರುವಿನ ಭಾಗ ಒಂದರ ಮ್ಯಾಲೊಂದು ಬೀಳ್ತಾವ. ಹಾಡಿನ ಕಡೀ ಸಾಲು ಅಲ್ಲೇ ಇದ್ರ ಅದು ಕಲಸಿ ಹೋಗ್ತೈತಿ. ಅದಕ್ಕ ಕತ್ತರಿ ಹಾಕೋವಾಗ ಹಿಂದ ಮುಂದ ಎರಡು ಸೆಕೆಂಡ್ ಬಿಟ್ಟು ಹಾಕ್ರಿ. ಬೆಳಕು ಕಡಿಮಿ ಇದ್ದಲ್ಲಿ ಬ್ರೈಟ್‌ನೆಸ್ ಏರಿಸ್ರಿ, ಒಂದು ಕಾರ್ಯ ಮುಗದು ಇನ್ನೊಂದು ಸುರು ಆಗೋ ಮುಂದ ಸಣ್ಣಂಗ ಕಪ್ಪಾಗಿ ಬೆಳಗೂ ಹಂಗ ಮಾಡ್ರಿ. ಇಷ್ಟಾದ್ರ ಎಫೆಕ್ಟ್ ಮುಗೀತು. ಹಾಡು ಬೇಕಂದ್ರ ಬ್ಯಾರೆ ಸಾಲಿನ್ಯಾಗ ಹಾಕಿ, ಮಂದಿ ಮಾತಾಡೋ ಕಡೆ ಅದರ ದನಿ ಇಳಸ್ರಿ. ಮಂದಿ ದನಿ ಮಾತ್ರ ತಗೀಬ್ಯಾಡ್ರಿ.

ಇನ್ನ ಮೆನು. ಡಿಸ್ಕ್ ಹಾಕಿದ ಕೂಡ್ಲೆ ಮೊದಲ ಕಾಣೋ ಪಟ್ಟಿ ಅದು. ಒಂದೊಂದು ಕಾರ್ಯ ಸುರು ಆಗೋ ಕಡೆ ಚಾಪ್ಟರ್ ಗುರ್ತು ಹಾಕಬೇಕು. ಸಾಫ್ಟ್‌ವೇರಿಗೆ ಬಿಟ್ರ ಅದು ಐದೈದು ನಿಮಿಷಕ್ಕ ಒಂದು ಗುರ್ತು ಹಾಕಿ "ಚಾಪ್ಟರ್ 1, ಚಾಪ್ಟರ್ 2" ಅಂತೈತಿ. ಅದರಾಗ ಏನು ಹುಡುಕೋದು? ನಾನು ಹೆಸರು ಬರದೆ: "ಅಜ್ಜಿ ಜೋಗುಳ", "ಸ್ವಾದರತ್ತಿ ಹೆಸರಿಟ್ಟದ್ದು", "ಮುತ್ತೈದೇರ ಉಡಿ ತುಂಬಿದ್ದು", "ಓಣಿ ಹೆಣ್ಮಕ್ಕಳ ಹಾಡು". ಹೆಸರಿನ ಬಾಜೂಕಿನ ಸಣ್ಣ ಚಿತ್ರಕ್ಕ ಮುಖ ನೆಟ್ಟಗ ಕಾಣೋ ಜಾಗಾ ಆರಿಸಿದೆ. ತಾನಾಗೇ ಬರೋದು ಮೊದಲಿನ ಚಿತ್ರ, ಅದರಾಗ ಬರೇ ನೆಲಾ ಕಾಣ್ತಿತ್ತು.

ಕನ್ನಡ ಟೈಪ್ ಮಾಡಿದ್ರ ಒತ್ತಕ್ಷರ ಮುರದು ಬಂದ್ವು. ಅದಕ್ಕ ಹೆಸರುಗಳನ್ನ ಬ್ಯಾರೆ ಕಡೆ ಬರದು, ಫೋಟೋ ಮಾಡಿ, ಮೆನುವಿನ ಹಿಂದ ಹಚ್ಚಿದೆ. ಅಕ್ಷರ ದೊಡ್ಡವು ಇರಲಿ, ಪರದೆ ಅಂಚಿಗೆ ಹತ್ತಿಸಬ್ಯಾಡ್ರಿ, ಹಳೇ ಟಿವಿ ಅಂಚು ನುಂಗತಾವ. ಒಂದು ಪುಟಕ್ಕ ಆರು ಹೆಸರು ಸಾಕು. ಒಂದು ಡಿಸ್ಕಿನ್ಯಾಗ 4.7 ಜಿಬಿ ಹಿಡೀತೈತಿ, ಎರಡು ತಾಸಿನಕಿಂತ ಹೆಚ್ಚಿಗಿ ತುಂಬಿದ್ರ ಚಿತ್ರ ಮಸಕ ಆಗ್ತೈತಿ. ಬೇಕಾದ್ರ ಎರಡು ಡಿಸ್ಕ್ ಮಾಡ್ರಿ. ಮೊದಲ ಒಂದು ಅಳಿಸಿ ಬರಿಯೋ ಆರ್‌ಡಬ್ಲ್ಯು ಡಿಸ್ಕಿನ್ಯಾಗ ಹಾಕಿ, ಟಿವಿ ಮುಂದ ಕುಂತು, ರಿಮೋಟ್ ಒತ್ತಿ ಎಲ್ಲಾ ಹೆಸರು ಸರಿಯಾಗಿ ಹೋಗ್ತಾವೇನು ನೋಡ್ರಿ.

"ಈಗ ಡಿಸ್ಕ್ ಯಾರು ನೋಡ್ತಾರ ಅಕ್ಕಾರ, ಎಲ್ಲಾ ಫೋನಿನ್ಯಾಗ ಐತಿ" ಅಂತ ಬಾಜೂ ಮನಿಯಾಕಿ ಅಂದ್ಲು. ಖರೇನ. ವಿಂಡೋಸ್ 7ರ ಕಾಲಕ್ಕ ಅದರ ಜೋಡೀನ ಡಿವಿಡಿ ಮೇಕರ್ ಬರ್ತಿತ್ತು, ವಿಂಡೋಸ್ 8ರಿಂದ ಅದೂ ಇಲ್ಲ. ಹೊಸಾ ಲ್ಯಾಪ್‌ಟಾಪಿನ್ಯಾಗ ಡಿಸ್ಕ್ ಹಾಕೋ ಜಾಗಾನೂ ಇರಂಗಿಲ್ಲ, ನಾ ಬ್ಯಾರೆ ರೈಟರ್ ಹಚ್ಚಿ ಬರದೆ. ಆದ್ರ ಆಕಿ ಫೋನಿನ್ಯಾಗ ಮಗನ ಮದುವಿದು ನಾಲ್ಕು ನೂರು ತುಣುಕು ಅದಾವ, ಎಲ್ಲಾಕ್ಕೂ ಬರೇ ನಂಬರ್. ಆಕಿ ಅಪ್ಪ ಹರಸಿದ್ದು ಯಾವುದರಾಗ ಐತಿ ಅಂತ ಕೇಳಿದೆ. ಹುಡುಕಿದ್ಲು, ಸಿಗಲಿಲ್ಲ. ಪೆನ್‌ಡ್ರೈವಿನ್ಯಾಗ ಇಟ್ರೂ ಸೈ, ತುಣುಕಿಗೊಂದು ಹೆಸರು ಬರೀರಿ. ಮೆನು ಅಂದ್ರ ಅಷ್ಟ.

ಇನ್ನೊಂದು ಕಟ್ಟುನಿಟ್ಟು. ಎಡಿಟ್ ಮಾಡಿದ್ದು ಇರಲಿ, ಮೂಲ ವಿಡಿಯೋ ಅಳಿಸಬ್ಯಾಡ್ರಿ. ಪ್ರಾಜೆಕ್ಟ್ ಅಂತ ಉಳಿಸೋ ಫೈಲಿನ್ಯಾಗ ಎಲ್ಲಿ ಕತ್ತರಿ, ಎಲ್ಲಿ ಹಾಡು ಅನ್ನೋ ಲೆಕ್ಕ ಇರ್ತೈತಿ, ವಿಡಿಯೋ ಇರಂಗಿಲ್ಲ. ಮುಗದ ವಿಡಿಯೋದಾಗ ಹಚ್ಚಿದ ಹೃದಯ, ಗುಲಾಬಿ ಮುಂದ ಯಾರ ಕಡೆಯಿಂದನೂ ಬಿಡಿಸಾಕ ಆಗಂಗಿಲ್ಲ. ಡಿಸ್ಕೂ ಗೀರು ಬಿದ್ದು ಹಾಳಾಗ್ತೈತಿ. ಮೂಲದ್ದು ಎರಡು ಕಡೆ ಇಡ್ರಿ. ವಿಡಿಯೋದವರಿಗೆ ಕೊಟ್ರೂ, ಬಾಕಿ ರೊಕ್ಕ ಕೊಡೂಕಿಂತ ಮೊದಲ ಎಡಿಟ್ ಮಾಡಲಾರದ್ದು ಕೇಳಿ ಇಸ್ಕೊಳ್ರಿ.

ನಮ್ಮ ಅತ್ತಿಯವರಿಗೆ ಫೋನ್ ನೋಡಾಕ ಬರಂಗಿಲ್ಲ. ರಿಮೋಟಿನ ಕೆಳಗಿನ ಬಾಣ, ಓಕೆ, ಇವೆರಡು ಗೊತ್ತದಾವ. ಸಂಜೀಕ ಚಹಾ ಕುಡದು ತಾವ ಡಿಸ್ಕ್ ಹಚ್ಚಿ, "ಅಜ್ಜಿ ಜೋಗುಳ" ಒತ್ತಿ, ತಮ್ಮ ಹಾಡು ತಾವ ಕೇಳ್ಕೋತ ಕೂಡ್ರತಾರ. ಒಳಗ ರೊಟ್ಟಿ ಬಡ್ಕೋತ ನಾನೂ ಕೇಳ್ತೀನಿ. ಅವ್ವನ ಸೋಬಾನಾನೂ ಹಿಂಗ ಒಂದು ಪಟ್ಟಿಯಾಗ ಇರಬೇಕಿತ್ತು ಅನಸ್ತೈತಿ.

ನಿಮ್ಮ ಮನ್ಯಾಗ ಹಾಡೋ ಹಿರೇರು ಇನ್ನೂ ಇದ್ರ, ಈ ವಾರನ ಕುಂಡ್ರಿಸಿ ಹಾಡಸ್ರಿ.