ಸಹನೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಬೇಡಿ

ಗಲ್ಫ್ ದೇಶಗಳಿಗೆ ಮಗನನ್ನೋ ಪತಿಯನ್ನೋ ಕಳುಹಿಸಿಕೊಟ್ಟ ಕುಟುಂಬಗಳು ಕಲಬುರಗಿ ನಗರದ ಮೊಹಲ್ಲಾಗಳಲ್ಲಿಯೂ ಇವೆ, ಕಮಲಾಪುರದಲ್ಲಿಯೂ ಇವೆ. ಆ ಮನೆಗಳಿಗೆ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಈ ತಿಂಗಳ ಹಣ ಬಂತೇ? ರಜೆ ಯಾವಾಗ? ಅವನಿಗೆ ರಾತ್ರಿ ನಿದ್ರೆ ಬರುತ್ತಿದೆಯೇ ಎಂದು ಕೇಳುವವರು ವಿರಳ. ಒಂದು ವೇಳೆ ಅವನೇ ಧೈರ್ಯ ಮಾಡಿ, ‘ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಯಾವುದರಲ್ಲಿಯೂ ಆಸಕ್ತಿ ಉಳಿದಿಲ್ಲ’ ಎಂದರೆ ನಮ್ಮ ಬಳಿ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ನಿನ್ನ ಈಮಾನ್ ದುರ್ಬಲವಾಗಿದೆ, ನಮಾಝ್ ಸರಿಯಾಗಿ ಮಾಡು. ಸಬ್ರ್ ಮಾಡು, ಯಾರ ಬಳಿಯೂ ಹೇಳಬೇಡ. ಸಾವಿರಾರು ಜನ ಅಲ್ಲಿದ್ದಾರೆ, ನಿನಗೊಬ್ಬನಿಗೇ ಏನು ಕಷ್ಟ? ಈ ಉತ್ತರಗಳನ್ನು ನಾವು ದೀನ್‌ನ ಮಾತುಗಳೆಂಬಂತೆ ಆಡುತ್ತೇವೆ. ದೀನ್‌ನಲ್ಲಿ ಇವುಗಳಿಗೆ ಆಧಾರವಿದೆಯೇ ಎಂಬುದನ್ನು ಪರಿಶೀಲಿಸೋಣ.

ಮೊದಲನೆಯ ಉತ್ತರ. ನಮಾಝ್ ಹೃದಯಕ್ಕೆ ನೆಮ್ಮದಿ ನೀಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮನಸ್ಸು ಕುಗ್ಗಿದವನನ್ನೆಲ್ಲ ಈಮಾನ್ ಇಲ್ಲದವನೆಂದು ತೀರ್ಮಾನಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು? ಪತ್ನಿ ಖದೀಜಾ(ರ) ಮತ್ತು ಆಶ್ರಯದಾತರಾಗಿದ್ದ ಅಬೂ ತಾಲಿಬರು ಅಗಲಿದ ವರ್ಷವನ್ನು ಪ್ರವಾದಿವರ್ಯರ(ಸ) ಚರಿತ್ರೆ ಬರೆದವರು ‘ದುಃಖದ ವರ್ಷ’ ಎಂದೇ ಕರೆದರು. ಪ್ರವಾದಿವರ್ಯರು(ಸ) ಪದೇ ಪದೇ ಮಾಡುತ್ತಿದ್ದ ಒಂದು ದುಆವನ್ನು ಅನಸ್(ರ) ವರದಿ ಮಾಡಿದ್ದಾರೆ. ಅದರಲ್ಲಿ ಅವರು ಚಿಂತೆ, ದುಃಖ, ಸಾಲದ ಹೊರೆ ಮತ್ತು ಜನರ ದಬ್ಬಾಳಿಕೆಗಳಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಸತ್ಯವಿಶ್ವಾಸಿಯ ಬಳಿ ಸುಳಿಯದ ಸಂಗತಿಗಳಾಗಿದ್ದರೆ ಅವುಗಳಿಂದ ಅಭಯ ಯಾಚಿಸುವ ಅಗತ್ಯವೇನಿತ್ತು? ಏಜೆಂಟನಿಗೆ ಸಾಲ ಮಾಡಿ ಹಣ ಕೊಟ್ಟು, ವೀಸಾ ಕೊಟ್ಟ ಕಫೀಲನ ಮರ್ಜಿಯಲ್ಲಿ ದುಡಿಯುವ ನಮ್ಮ ಹುಡುಗನ ಸ್ಥಿತಿಯೇ ಆ ದುಆದಲ್ಲಿದೆ.

ಎರಡನೆಯ ಉತ್ತರ ಸಬ್ರ್. ಪ್ರವಾದಿ ಯಾಕೂಬರ(ಅ) ಸಹನೆಯನ್ನು ಕುರ್‌ಆನ್ ಸುಂದರವಾದ ಸಹನೆಯೆಂದು ಪರಿಚಯಿಸುತ್ತದೆ. ಅದೇ ಯಾಕೂಬರು(ಅ) ಪರನಾಡಿಗೆ ಮಾರಾಟವಾಗಿ ಹೋದ ಮಗ ಯೂಸುಫರಿಗಾಗಿ(ಅ) ಕಣ್ಣು ಬೆಳ್ಳಗಾಗುವಷ್ಟು ದುಃಖಿಸಿದರೆಂದೂ ಕುರ್‌ಆನ್ ಹೇಳುತ್ತದೆ. ಅವರ ಅಳಲು ಅವರ ಸಹನೆಗೆ ಕುಂದು ತರಲಿಲ್ಲ. ಇನ್ನೂ ಅವನನ್ನೇ ನೆನೆದು ನೀವು ನಾಶವಾಗುವಿರಿ ಎಂದು ಅವರನ್ನು ಆಕ್ಷೇಪಿಸಿದವರು ಯಾರು? ಯೂಸುಫರನ್ನು ಬಾವಿಗೆ ತಳ್ಳಿದ ಪುತ್ರರು! ದುಃಖಕ್ಕೆ ಕಾರಣರಾದವರೇ ದುಃಖಿಸುವವನಿಗೆ ಉಪದೇಶ ಮಾಡುವ ಈ ರೀತಿ ನಮ್ಮ ಮನೆಗಳಲ್ಲಿಯೂ ಇದೆಯಲ್ಲವೇ? ಸಬ್ರ್ ಎಂದರೆ ಕಷ್ಟದಲ್ಲಿಯೂ ಅಲ್ಲಾಹನ ಮೇಲಿನ ಭರವಸೆಯನ್ನು ಬಿಡದಿರುವುದು. ನೋವನ್ನು ಅಡಗಿಸಿಕೊಂಡು ಒಳಗೊಳಗೇ ಸವೆಯುವುದಕ್ಕೆ ಆ ಹೆಸರು ಸಲ್ಲದು.

ಕಾಯಿಲೆಗೆ ಚಿಕಿತ್ಸೆ ಪಡೆಯುವುದು ಸುನ್ನತ್. ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದರು. ಈ ಮಾತು ದೇಹಕ್ಕೆ ಮಾತ್ರ ಅನ್ವಯಿಸುತ್ತದೆಂದು ನಮ್ಮ ಪೂರ್ವಿಕ ವಿದ್ವಾಂಸರು ತಿಳಿಯಲಿಲ್ಲ. ಸುಮಾರು 1,100 ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್‌ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತೂ ಒಂದೇ ಗ್ರಂಥದಲ್ಲಿ ಬರೆದು, ಭಯ, ಕೋಪ, ವಿಷಾದಗಳಿಗೆ ಪರಿಹಾರ ಸೂಚಿಸಿದರು. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಸ್ಥಾಪಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಆರೈಕೆಯಿತ್ತು. ಇಂತಹ ಪರಂಪರೆಯ ವಾರಸುದಾರರು ಇಂದು ಮನೋವೈದ್ಯರನ್ನು ‘ಹುಚ್ಚರ ಡಾಕ್ಟರ್’ ಎಂದು ಕರೆಯುತ್ತಿರುವುದು ನಾಚಿಕೆಗೇಡು. ಸಕ್ಕರೆ ಕಾಯಿಲೆಗೆ ದುಆದ ಜೊತೆಗೆ ಮಾತ್ರೆಯನ್ನೂ ಕೊಡುವ ನಾವು ಮನಸ್ಸಿನ ಕಾಯಿಲೆಗೆ ಮಾತ್ರ ದುಆ ಸಾಕೆನ್ನುವುದು ಯಾವ ನ್ಯಾಯ?

ಮೂರನೆಯ ಉತ್ತರ: ನಿನಗೊಬ್ಬನಿಗೇ ಏನು ಕಷ್ಟ? ಕಲಬುರಗಿಯ ಬಿಸಿಲಿನಲ್ಲಿ ಬೆಳೆದವನಿಗೆ ಅಲ್ಲಿಯ ಬಿಸಿಲು ಏನು ಮಹಾ ಎಂದು ನಗುವವರೂ ಇದ್ದಾರೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನಡುಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ಕಾನೂನು ನಿಷೇಧಿಸಿದೆ. ದೇಹಕ್ಕೆ ಒಂದು ಮಿತಿಯಿದೆಯೆಂದು ಅಲ್ಲಿಯ ಸರ್ಕಾರವೂ ಒಪ್ಪಿದೆ. ಒಂದೇ ಕೋಣೆಯಲ್ಲಿ ಹಲವರ ನಡುವೆ ಮಲಗಿ, ಮಗು ನಡೆಯಲು ಕಲಿತದ್ದನ್ನೂ ತಂದೆಯ ಜನಾಝಾವನ್ನೂ ಮೊಬೈಲಿನಲ್ಲಿ ನೋಡುವವನ ಮನಸ್ಸಿಗೆ ಮಿತಿಯಿದೆಯೆಂದು ಅವನ ಮನೆಯವರು ಯಾವಾಗ ಒಪ್ಪುತ್ತಾರೆ?

ಖಲೀಫಾ ಉಮರ್(ರ) ಈ ಮಿತಿಯನ್ನು ಗುರುತಿಸಿದ್ದರು. ರಾತ್ರಿ ಮದೀನಾದ ಬೀದಿಗಳಲ್ಲಿ ಸುತ್ತುತ್ತಿದ್ದಾಗ, ಸೈನ್ಯದೊಂದಿಗೆ ದೂರ ಹೋಗಿದ್ದ ಪತಿಗಾಗಿ ಹಂಬಲಿಸುತ್ತಿದ್ದ ಮಹಿಳೆಯೊಬ್ಬಳ ಧ್ವನಿ ಅವರ ಕಿವಿಗೆ ಬಿತ್ತು. ಅವರು ಆಕೆಗೆ ಸಬ್ರ್‌ನ ಉಪದೇಶ ಮಾಡಲಿಲ್ಲ. ಪತಿಯ ಅಗಲಿಕೆಯನ್ನು ಹೆಣ್ಣು ಎಷ್ಟು ಕಾಲ ತಾಳಬಲ್ಲಳೆಂದು ಮಗಳು ಹಫ್ಸಾರನ್ನು(ರ) ವಿಚಾರಿಸಿ, ಸೈನಿಕರು ಮನೆಯಿಂದ ದೂರವಿರುವ ಅವಧಿಗೆ ಮಿತಿ ಹಾಕಿದರು. ಆ ಮಿತಿ ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ನಮ್ಮ ಹುಡುಗರು ಎರಡೆರಡು ವರ್ಷಕ್ಕೊಮ್ಮೆ ಬರುತ್ತಾರೆ. ಇತ್ತ ಅವರ ಪತ್ನಿಯರ ಮನಸ್ಸಿನ ಗತಿಯೇನು? ಆ ಪ್ರಶ್ನೆಯೂ ನಮ್ಮಲ್ಲಿ ಏಳುವುದಿಲ್ಲ.

‘ಹಾಗಾದರೆ ಸಾಲ ತೀರಿಸುವವರಾರು? ತೊಗರಿ ಬೆಳೆ ಕೈಕೊಟ್ಟ ವರ್ಷ ಮನೆ ನಡೆಸುವವರಾರು?’ ಎಂದು ಕೇಳಬಹುದು. ಪರದೇಶಕ್ಕೆ ಹೋಗಬಾರದೆಂಬುದು ನನ್ನ ವಾದವಲ್ಲ. ಹಲಾಲ್ ದುಡಿಮೆಗಾಗಿ ಮಾಡುವ ಪ್ರಯಾಣ ಗೌರವದ್ದೇ. ಪ್ರವಾದಿ ಮೂಸಾರು(ಅ) ಕೂಡ ಮದ್‌ಯನ್‌ನಲ್ಲಿ ಪರದೇಶಿಯಾಗಿ ದುಡಿದರು. ಆದರೆ ಅಲ್ಲಿಯ ವೃದ್ಧರು ಮೊದಲು ಅವರ ಕಥೆ ಕೇಳಿ, ಭಯಪಡಬೇಡವೆಂದು ಧೈರ್ಯ ಹೇಳಿದರು. ಅನಂತರ ಎಂಟು ವರ್ಷ, ಸ್ವಇಚ್ಛೆಯಿದ್ದರೆ ಹತ್ತು ವರ್ಷ ಎಂದು ಕರಾರಾಯಿತು. ಅವಧಿ ಮುಗಿದೊಡನೆ ಮೂಸಾರು(ಅ) ಕುಟುಂಬದೊಂದಿಗೆ ಹೊರಟರು.

ನಮ್ಮ ಹುಡುಗನ ಕರಾರಿಗೆ ಕೊನೆಯೆಲ್ಲಿ? ಸಾಲ ತೀರಿದರೆ ತಂಗಿಯ ಮದುವೆ, ಅದು ಮುಗಿದರೆ ಮೇಲಿನ ಅಂತಸ್ತು, ಅದು ಎದ್ದರೆ ತಮ್ಮನ ಮದುವೆಗೆ ಮತ್ತೂ ದೊಡ್ಡ ಫಂಕ್ಷನ್ ಹಾಲ್. ಈ ಪಟ್ಟಿಯಲ್ಲಿ ಫರ್ಝ್ ಯಾವುದು? ನಿಕಾಹ್‌ಅನ್ನು ಸರಳಗೊಳಿಸಿರೆಂದ ಧರ್ಮದ ಅನುಯಾಯಿಗಳು ದಾವತ್‌ನಲ್ಲಿ ಒಂದು ಮೀಠಾ ಸಾಲದೆಂದು ಇನ್ನೊಂದನ್ನು ಬಡಿಸುವಾಗ, ಅದರ ಬೆಲೆಯನ್ನು ಯಾರು ಎಷ್ಟು ರಾತ್ರಿಗಳ ಒಂಟಿತನದಿಂದ ತೆರುತ್ತಿದ್ದಾರೆಂದು ಯೋಚಿಸಬೇಕು.

‘ಅವನೇ ಏನೂ ಹೇಳಲಿಲ್ಲವಲ್ಲ’ ಎಂಬ ಸಮಜಾಯಿಷಿಯೂ ಉಂಟು. ನನ್ನ ಬಳಿ ಓದಿ ಪರದೇಶಕ್ಕೆ ಹೋದ ಹುಡುಗರು ರಜೆಗೆ ಬಂದಾಗ ಹೇಳುವುದೇ ಬೇರೆ: ಹೇಳಿದರೆ ಅಮ್ಮಿ ಅಳುತ್ತಾರೆ, ಅಬ್ಬಾ ಸಿಟ್ಟಾಗುತ್ತಾರೆ, ನೆಂಟರು ನಗುತ್ತಾರೆ. ಆದ್ದರಿಂದ ಎತ್ತರದ ಕಟ್ಟಡದ ಮುಂದೆ ನಿಂತ ಫೋಟೋ ಕಳುಹಿಸಿ ಸುಮ್ಮನಾಗುತ್ತಾರೆ. ಅವರ ಮೌನಕ್ಕೆ ಹೊಣೆ ನಾವೇ.

ಇನ್ನು ಮಾಡಬೇಕಾದುದನ್ನು ಹೇಳುತ್ತೇನೆ. ಹೋಗುವ ಮುನ್ನವೇ ಎಷ್ಟು ವರ್ಷ, ಯಾವ ಅಗತ್ಯಕ್ಕಾಗಿ ಎಂಬುದನ್ನು ಮನೆಯವರೆಲ್ಲ ಕುಳಿತು ಬರೆದಿಡಿ. ವಾರಕ್ಕೊಂದು ಬಾರಿಯಾದರೂ ಹಣದ ಮಾತೆತ್ತದೆ ಅವನೊಂದಿಗೆ ಮಾತಾಡಿ. ನಿದ್ರೆ, ಊಟ, ಮಾತು ಕಡಿಮೆಯಾಗಿ ಎರಡು ವಾರ ಕಳೆದರೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಲು ಒತ್ತಾಯಿಸಿ. ಸಾವಿನ ಮಾತಾಡಿದರೆ ಹರಾಮ್ ಎಂಬ ಫತ್ವಾ ಹೇಳಿ ಫೋನ್ ಇಡಬೇಡಿ. ಅವನನ್ನು ಒಂಟಿಯಾಗಿ ಬಿಡದಂತೆ ಕೋಣೆಯ ಗೆಳೆಯರನ್ನು ಕೇಳಿಕೊಳ್ಳಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಭಾರತೀಯ ರಾಯಭಾರ ಕಚೇರಿಗಳ ನೆರವು ಪಡೆಯಬಹುದು. ದುಬೈ, ರಿಯಾದ್, ಜಿದ್ದಾಗಳಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳೂ ಇವೆ. ಊರಿನಲ್ಲಿರುವ ಪತ್ನಿ, ತಂದೆತಾಯಿಗಳಿಗೆ ಮತ್ತು ರಜೆಗೆ ಬಂದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಕಮಲಾಪುರದವರಿಗೆ ಅದು ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

ಎಲ್ಲಕ್ಕಿಂತ ಮುಖ್ಯವಾಗಿ, ಅವಧಿಗೆ ಮುಂಚೆ ಮರಳಿ ಬಂದವನನ್ನು ಸೋತವನೆಂದು ಕಾಣಬೇಡಿ. 1398ರಲ್ಲಿ ತೈಮೂರನ ದಾಳಿಯ ಸಮಯದಲ್ಲಿ ದೆಹಲಿ ತೊರೆದ ಖ್ವಾಜಾ ಬಂದೇ ನವಾಝರನ್ನು ಇಳಿವಯಸ್ಸಿನಲ್ಲಿ ಬರಮಾಡಿಕೊಂಡ ಊರು ನಮ್ಮದು. ದೂರದಿಂದ ಬಂದವರಿಗೆ ನೆಲೆ ಕೊಟ್ಟ ಊರಿನಲ್ಲಿ ಹೆತ್ತ ಮಗ ಬರಿಗೈಯಲ್ಲಿ ಬಂದನೆಂದು ಮುಖ ತಿರುಗಿಸಬಹುದೇ? ನಮ್ಮ ಖತೀಬರು ಒಂದು ಜುಮಾ ಖುತ್ಬಾವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ.

ನಮ್ಮ ಮಕ್ಕಳು ನಮ್ಮ ಬಳಿ ಅಲ್ಲಾಹನ ಅಮಾನತ್ ಆಗಿದ್ದಾರೆ. ನಾಳೆ ಪರಲೋಕದಲ್ಲಿ ಅವರು ಕಳುಹಿಸಿದ ಹಣದ ಕುರಿತು ಮಾತ್ರವಲ್ಲ, ಅವರ ಕುರಿತೂ ನಮ್ಮನ್ನು ವಿಚಾರಿಸಲಾಗುವುದು. ದೂರದಲ್ಲಿರುವ ಎಲ್ಲರ ಹೃದಯಗಳಿಗೂ ಅಲ್ಲಾಹನು ನೆಮ್ಮದಿ ಕರುಣಿಸಲಿ, ಅವರ ಮಾತಿಗೆ ಕಿವಿಗೊಡುವ ವಿವೇಕವನ್ನು ನಮಗೆ ದಯಪಾಲಿಸಲಿ. ಆಮೀನ್.