ಅಜ್ಜ ಹೇಳಿದ್ದಾ, ಅಪ್ಪ ಸೇರಿಸಿದ್ದಾ?

(1/3)
ಮೊದಲನೇ ಫೋಟೊ ನೋಡಿ. ಇಂಗ್ಲಿಷ್ ಅಕ್ಷರ, ಕೊಕ್ಕೆ, ಅಡ್ಡಗೆರೆ ಎಲ್ಲ ಕಲಸಿ ಎರಚಿದ ಹಾಗಿದೆ ಅಲ್ವಾ? ಅದು ನಮ್ಮಜ್ಜನ ಮಾತು.

2008ರಲ್ಲಿ ಅಪ್ಪ ಮೋಕದ ನಮ್ಮ ಮನೆ ಕಟ್ಟೆ ಮೇಲೆ ಅಜ್ಜನ ಹತ್ರ ಕೂತು, ಹಳೇ ಕಥೆಗಳನ್ನ ನೋಟ್‌ಬುಕ್‌ನಲ್ಲಿ ಬರ್ಕೊಂಡು, ಬಳ್ಳಾರಿಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದ. ಅಜ್ಜ ಹೇಳಿದ ಮಾತು ಓರೆ ಅಕ್ಷರದಲ್ಲಿ, ಅಪ್ಪ ಸೇರಿಸಿದ ವಿವರಣೆ ನೆಟ್ಟನೆ ಅಕ್ಷರದಲ್ಲಿ. ಆಮೇಲೆ ಅಜ್ಜ ತೀರ್ಕೊಂಡ. ನೋಟ್‌ಬುಕ್ಕು, ಪ್ರಿಂಟು ಎರಡೂ ಮನೆ ರಿಪೇರಿ ಟೈಮಲ್ಲಿ ರದ್ದಿಗೆ ಹೋದ್ವು. ಸಿಡಿ ಓಡ್ಲಿಲ್ಲ. ಉಳಿದದ್ದು ಅಪ್ಪ ಆಗ ಚಿಕ್ಕಪ್ಪಗೆ ಕಳಿಸಿದ್ದ ಒಂದು ಇಮೇಲ್. ಅದರಲ್ಲಿ ಬರೀ ಅಕ್ಷರ ಅಂಟಿಸಿದ್ದ.

ಆ ಅಕ್ಷರ ಯಾಕೆ ಹಿಂಗೆ ಅಂದ್ರೆ, ಅದು ಹಳೇ ಕನ್ನಡ ಫಾಂಟು. (ಹಳಗನ್ನಡ ಅಲ್ಲ, ಹಳೇ ಫಾಂಟು!) ಆಗಿನ ಡಿಟಿಪಿ ಫೈಲುಗಳ ಒಳಗೆ ಬಹಳ ಸಲ ಇರ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕ್ತಿತ್ತು. ಫಾಂಟ್ ಇಲ್ಲದ ಫೋನಲ್ಲಿ ವೇಷ ಕಳಚಿ ಬೀಳುತ್ತೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದ್ರೆ ನಮ್ಮ ಕಡೆ ಅಂಗಡಿಗಳಿಗೆ ಅದು ಬಂದು ಮುಟ್ಟೋಕೆ ಎಷ್ಟೋ ವರ್ಷ ಬೇಕಾಯ್ತು.

ಕನ್ವರ್ಟರ್‌ಗೆ ಹಾಕಿದೆ. ಅಕ್ಷರ ವಾಪಸ್ ಬಂತು, ಎರಡನೇ ಫೋಟೊ ಅದೇ. ಖುಷಿ ಆಗಿ ಓದ್ತಾ ಹೋದವನು ಒಂದು ಸಾಲಿಗೆ ನಿಂತೆ. 1953ರ ಅಕ್ಟೋಬರ್ 1ರ ಬಗ್ಗೆ ಇತ್ತು ಅದು. ಅವತ್ತು ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದ್ವು. ಆಲೂರು ಕಡೆಯ ನಮ್ಮ ಬೀಗರು ಅವತ್ತು ರಾತ್ರಿ ನಮ್ಮನೇಲೇ ಇದ್ರು, ಊಟ ಮಾಡ್ಲಿಲ್ಲ ಅಂತ ಬರೆದಿದೆ.

ಅಜ್ಜಗೆ ಆಗ 13 ವರ್ಷ. ಇದನ್ನ ಅಜ್ಜ ಹೇಳಿದ್ರೆ ಅದು ಕಣ್ಣಾರೆ ಕಂಡ ಸಾಕ್ಷಿ. ಅಪ್ಪ ಸೇರಿಸಿದ್ರೆ ಯಾರೋ ಮದುವೆ ಮನೇಲಿ ಹೇಳಿದ ಮಾತು ಇರಬಹುದು. ಓರೆ ಅಕ್ಷರ ಹೋಗಿದೆ. ಅಪ್ಪನ್ನ ಕೇಳಿದೆ. ತುಂಬಾ ಹೊತ್ತು ಸ್ಕ್ರೀನ್ ನೋಡಿ, “ನೆನಪಾಗವಲ್ದು” ಅಂದ.

(2/3)
ಅದಕ್ಕೇ ಹೇಳ್ತಿರೋದು: ಡೈರಿ ಬರೀರಿ, ಅವ್ವನ ಅಡುಗೆ ಬರ್ಕೊಳ್ರಿ, ಹಾಸ್ಟೆಲ್ ಜಗಳ ಬೇಕಾದ್ರೂ ಬರೀರಿ, ಆದ್ರೆ ಯಾವುದು ಏನು ಅನ್ನೋ ಗುರುತನ್ನ ಬಣ್ಣ, ಓರೆ, ದಪ್ಪಕ್ಕೆ ಬಿಡಬೇಡಿ. ಗುರುತು ಅಕ್ಷರದ ಪಕ್ಕ ಅಕ್ಷರವಾಗೇ ಕೂತಿರಬೇಕು. ಎಲ್ಲಿ ಕಾಪಿ ಮಾಡಿದ್ರೂ ಅದೂ ಜೊತೆಗೆ ಬರಬೇಕು.

“ಡೈರಿಗೂ ಕೋಡಿಂಗ್ ಏನಲೇ?” ಅಂತ ಬಸ್ಸಲ್ಲಿ ಒಬ್ಬ ನಕ್ಕ. ವಾಟ್ಸಾಪ್‌ನಲ್ಲಿ ಪದದ ಎರಡೂ ಕಡೆ ನಕ್ಷತ್ರ ಹಾಕಿ ದಪ್ಪ ಮಾಡ್ತೀಯಲ್ಲಪ್ಪ, ಅದೂ ಇದೇ ಜಾತಿ. ಇಲ್ಲಿ ಹಾಕೋ ಹ್ಯಾಶ್‌ಟ್ಯಾಗೂ ಅಷ್ಟೇ. ಇದರ ಸರಳ ರೂಪಕ್ಕೆ ಮಾರ್ಕ್‌ಡೌನ್ ಅಂತ ಹೆಸರು. 2004ರಲ್ಲಿ ಜಾನ್ ಗ್ರೂಬರ್ ಹೊರತಂದದ್ದು, ಜೊತೆಗೆ ಕೈ ಹಚ್ಚಿದವನು ಆರನ್ ಸ್ವಾರ್ಟ್ಜ್. ಆಗ ಅವನಿಗೆ 17. ಹೌದು, ನಮ್ಮ ಪಿಯುಸಿ ವಯಸ್ಸು.

ನಾನು ಬಳಸೋದು ಮೂರೇ ಮೂರು ಗುರುತು. ಸಾಲಿನ ಶುರುವಲ್ಲಿ # ಹಾಕಿ ಜಾಗ ಬಿಟ್ರೆ ತಲೆಬರಹ. ಅಲ್ಲಿ ತಾರೀಖು, ಯಾರ ಹತ್ರ ಕೂತಿದ್ದೆ ಅನ್ನೋದು. ಬೇರೆಯವರ ಬಾಯಿಂದ ಬಂದ ಮಾತಾದ್ರೆ ಮುಂದೆ > ಬಾಣ. ಹಳೇ ಇಮೇಲ್‌ಗಳಲ್ಲಿ ಇನ್ನೊಬ್ಬರ ಮಾತನ್ನ ತೋರಿಸೋಕೆ ಹಾಕ್ತಿದ್ದ ಬಾಣವೇ ಇದು. ಅಪ್ಪ ಆ ಇಮೇಲ್‌ನಲ್ಲಿ ಇದೊಂದು ಹಾಕಿದ್ರೆ ನಾನಿವತ್ತು ಈ ಕ್ಯಾಪ್ಷನ್ ಬರೀತಿರ್ಲಿಲ್ಲ. ಮೂರನೇದು ಮಾರ್ಕ್‌ಡೌನ್‌ದಲ್ಲ, ನನ್ನದೇ: ಖಾತ್ರಿ ಇಲ್ಲದ ಸಾಲಿನ ಕೊನೆಗೆ ಎರಡು ಪ್ರಶ್ನೆ ಚಿಹ್ನೆ. ಮುಂದೆ ಯಾವತ್ತಾದ್ರೂ ಆ ಎರಡು ಚಿಹ್ನೆ ಹುಡುಕಿದ್ರೆ, ಯಾರನ್ನ ಏನು ಕೇಳಬೇಕು ಅನ್ನೋ ಪಟ್ಟಿ ತಾನೇ ಸಿಗುತ್ತೆ, ಕೇಳೋಕೆ ಅವರು ಇನ್ನೂ ಇರುವಾಗ.

ಆ್ಯಪ್ ಯಾವುದಾದ್ರೂ ಆಗ್ಲಿ, ಸಾದಾ ಟೆಕ್ಸ್ಟ್ ಫೈಲ್ ಸಾಕು.

(3/3)
ಇದೇನು ಹೊರಗಿಂದ ಬಂದ ಬುದ್ಧಿ ಅನ್ಕೋಬೇಡಿ. 12ನೇ ಶತಮಾನದ ಶರಣರ ವಚನ ನೆನಪು ಮಾಡ್ಕೊಳ್ರಿ. ಕೂಡಲಸಂಗಮದೇವ ಅಂದ್ರೆ ಬಸವಣ್ಣ, ಗುಹೇಶ್ವರ ಅಂದ್ರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದ್ರೆ ಅಕ್ಕ. ಪರೀಕ್ಷೆಗೆ ಉರು ಹೊಡೆದಿದ್ದೀವಲ್ಲ, ಆ ಅಂಕಿತನಾಮ ವಚನದ ಹೊರಗಿಲ್ಲ, ಒಳಗೇ ಐತಿ. ಅವರು ಅದನ್ನ ಇದಕ್ಕೇ ಇಟ್ರು ಅಂತ ನಾನು ಹೇಳ್ತಿಲ್ಲ, ಅದು ಅವರವರ ಇಷ್ಟದೈವ. ಆದ್ರೆ ಅದು ಮಾಡಿದ ಕೆಲಸ ನೋಡಿ. ತಾಳೆಗರಿಯಿಂದ ತಾಳೆಗರಿಗೆ ಯಾರ್ಯಾರೋ ನಕಲು ಮಾಡಿದ್ರು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ್ರು. ಈಗ ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ರೆ ಅದಿರೋ ವಚನಗಳೆಲ್ಲ ಫೋನಿಗೇ ಬರ್ತವೆ. ಗರಿ ಹೋಯ್ತು, ಕಾಗದ ಬಂತು, ಫಾಂಟ್ ಬದಲಾಯ್ತು, ಯಾರದ್ದು ಅನ್ನೋ ಗುರುತು ಮಾತ್ರ ಮಾತಿನ ಜೊತೆಗೇ ನಡ್ಕೊಂಡು ಬಂತು. ಒಬ್ಬರ ಅಂಕಿತದಲ್ಲಿ ಇನ್ನೊಬ್ಬರು ಬರೆದು ಸೇರಿಸಿದ್ದೂ ಇದೆ, ವಿದ್ವಾಂಸರ ತಕರಾರು ಅದಕ್ಕೇ. ಗುರುತು ಹಾಕಿದ್ದೆಲ್ಲ ಸತ್ಯ ಅಂತಲ್ಲ. ಆದ್ರೆ ತಕರಾರು ಮಾಡೋಕಾದ್ರೂ ಒಂದು ಗುರುತು ಬೇಕಲ್ಲ!

ಇನ್ನೊಂದು ಹುಚ್ಚೂ ಇದೆ, ನಾನೇ ಅದರಲ್ಲಿ ಬಿದ್ದಿದ್ದೆ. ದಸರಾ ರಜೆ ಪೂರ್ತಿ ಟ್ಯಾಗ್ ಮಾಡೋದ್ರಲ್ಲೇ ಕಳೆದೆ: ಹೊಲ, ಹಗರಿ, ಕಾಲುವೆ, ಹಬ್ಬ, ಸಿಟ್ಟು, ಅವ್ವನ ತೆಲುಗು (ಅವ್ವಗೆ ಸಿಟ್ಟು ಬಂದ್ರೆ ಮಾತು ತೆಲುಗಿಗೆ ಹೊಳ್ಳುತ್ತೆ, ಹಾಗಾಗಿ ಕೊನೆಯ ಎರಡೂ ಒಂದೇ). 40 ಟ್ಯಾಗ್ ಆಯ್ತು, ಬರೆದದ್ದು ಎರಡು ಪುಟ. ಅಜ್ಜ ತೀರಿದ ದಿನದ ಪುಟಕ್ಕೆ ‘ದುಃಖ’ ಅಂತ ಟ್ಯಾಗ್ ಹಾಕಿ, ಓದಿ, ನಾಚಿಕೆ ಆಗಿ ಅಳಿಸಿದೆ. ಆ ಪುಟಕ್ಕೆ ಈಗ ತಾರೀಖು ಒಂದೇ.

ಮೂರನೇ ಫೋಟೊ ಕಳೆದ ಭಾನುವಾರದ್ದು. ಅಪ್ಪ ಹೊಲದಿಂದ ಬಂದು ಕೈಕಾಲು ತೊಳ್ಕೊಂಡು ಪಕ್ಕ ಕೂತಿದ್ದಾನೆ, ನಾನು ಒಂದೊಂದೇ ಸಾಲು ಓದ್ತಿದ್ದೀನಿ. “ಇದು ಅಜ್ಜಂದು, ‘ಹೌದಿಲ್ಲೋ’ ಅಂತೈತಲ್ಲ, ಅವನದ ಅದು” ಅಂದ್ರೆ ಬಾಣ ಹಾಕ್ತೀನಿ. ತನ್ನದಾದ್ರೆ ಹಾಗೇ ಬಿಡು ಅಂತಾನೆ. ಬೀಗರು ಊಟ ಮಾಡದ ರಾತ್ರಿಯ ಸಾಲು ಬಂದಾಗ ನಾನು ಏನೂ ಹೇಳದೆ ಕಾಯ್ದೆ. ಅಪ್ಪ ಕೀಬೋರ್ಡ್ ತನ್ನ ಕಡೆ ಎಳ್ಕೊಂಡು, ಒಂದು ಬೆರಳಲ್ಲಿ ಹುಡುಕಿ ಹುಡುಕಿ, ತಾನೇ ಎರಡು ಪ್ರಶ್ನೆ ಚಿಹ್ನೆ ಒತ್ತಿದ.

ಆಲೂರಿನ ಬೀಗರ ಮನೇಲಿ ಒಬ್ಬ ಮುದುಕಿ ಇನ್ನೂ ಇದ್ದಾಳಂತೆ. ಮುಂದಿನ ವಾರ ಹೋಗ್ತಿದ್ದೀವಿ.

#ಮೋಕ #ಬಳ್ಳಾರಿ #ಅಜ್ಜನಮಾತು